ಶಿಲುಬೆಯ ಮೇಲಿನ ದೇಹ: ಕಥೋಲಿಕ ಭಕ್ತಿಯಲ್ಲಿ ಶಿಲುಬೆಮೂರ್ತಿಯ ಅರ್ಥದ ಪ್ರಶ್ನೆ

ಕನ್ನಡದಲ್ಲಿ ‘ಶಿಲುಬೆ’ ಎಂಬ ಒಂದೇ ಪದ ಎರಡು ಬೇರೆ ಬೇರೆ ವಸ್ತುಗಳನ್ನು ಸೂಚಿಸುತ್ತದೆ. ಒಂದು, ಎರಡು ಮರಗಳು ಅಡ್ಡಲಾಗಿ ಕೂಡಿದ ಬರಿಯ ಆಕೃತಿ. ಇನ್ನೊಂದು, ಆ ಆಕೃತಿಯ ಮೇಲೆ ಮೊಳೆ ಹೊಡೆಸಿಕೊಂಡ ಯೇಸುವಿನ ದೇಹವನ್ನೂ ಉಳ್ಳ ಪ್ರತಿಮೆ. ಇಂಗ್ಲಿಷಿನಂತಹ ಭಾಷೆಗಳಲ್ಲಿ ಇವೆರಡಕ್ಕೂ ಪ್ರತ್ಯೇಕ ಹೆಸರುಗಳಿವೆ. ನಮ್ಮಲ್ಲಿ ಆ ಭೇದ ಪದದ ಮಟ್ಟದಲ್ಲಿ ಕಾಣಿಸುವುದಿಲ್ಲ. ಕರಾವಳಿಯ ಕೊಂಕಣಿ ಕಥೋಲಿಕರು ಬಳಸುವ, ಪೋರ್ಚುಗೀಸಿನಿಂದ ಬಂದ ‘ಖುರಿಸ್’ ಎಂಬ ಪದವೂ ಎರಡನ್ನೂ ಒಳಗೊಳ್ಳುತ್ತದೆ. ಹೀಗಾಗಿ ನಮ್ಮ ಸಂಶೋಧನ ಬರಹಗಳಲ್ಲಿ ಎರಡನೆಯದನ್ನು ಮೊದಲನೆಯದರ ಅಲಂಕೃತ ರೂಪವೆಂದು ಭಾವಿಸುವುದು ವಾಡಿಕೆಯಾಗಿದೆ. ಈ ವಾಡಿಕೆ ಸರಿಯಲ್ಲವೆಂಬುದು ಪ್ರಸ್ತುತ ಲೇಖನದ ನಿಲುವು. ಕಥೋಲಿಕ ಭಕ್ತಿಯಲ್ಲಿ ಅರ್ಥದ ಕೇಂದ್ರವಿರುವುದು ಮರದಲ್ಲಲ್ಲ, ಮರದ ಮೇಲಿನ ದೇಹದಲ್ಲಿ. ಚರ್ಚೆಯ ಅನುಕೂಲಕ್ಕಾಗಿ ದೇಹವುಳ್ಳ ಶಿಲುಬೆಯನ್ನು ಇಲ್ಲಿ ‘ಶಿಲುಬೆಮೂರ್ತಿ’ ಎಂದು ಕರೆದಿದ್ದೇನೆ. ಕನ್ನಡ ಕಥೋಲಿಕರು ಪ್ರತಿಮೆಗೆ ‘ಸ್ವರೂಪ’ ಎನ್ನುತ್ತಾರೆ. ಆದರೆ ಆ ಪದ ಮರಿಯಮ್ಮನವರಿಗೂ ಸಂತರಿಗೂ ಸಲ್ಲುವುದರಿಂದ ಇಲ್ಲಿ ಅದನ್ನು ಬಳಸಿಲ್ಲ.

ಪದದ ಇತಿಹಾಸವೇ ಒಂದು ಸೂಚನೆಯನ್ನು ಕೊಡುತ್ತದೆ. ‘ಶಿಲುಬೆ’ಯ ಮೂಲ ಸಿರಿಯಾಕ್ ಭಾಷೆಯ ‘ಸ್ಲೀಬಾ’. ತಮಿಳಿನ ‘ಸಿಲುವೈ’, ಮಲಯಾಳದ ‘ಸ್ಲೀವಾ’ ಇದೇ ಕುಟುಂಬದವು. ಸಿರಿಯಾಕಿನಲ್ಲಿ ಅದು ಕರ್ಮಣಿ ಕೃದಂತ ರೂಪ: ಶಿಲುಬೆಗೆ ಏರಿಸಲ್ಪಟ್ಟದ್ದು, ಏರಿಸಲ್ಪಟ್ಟವನು ಎಂಬ ಅರ್ಥಗಳೆರಡೂ ಅದಕ್ಕುಂಟು. ಎಂದರೆ ನಾವು ವಸ್ತುವಿನ ಹೆಸರೆಂದು ಬಳಸುತ್ತಿರುವ ಪದದೊಳಗೆ ಮೂಲತಃ ಒಬ್ಬ ವ್ಯಕ್ತಿಯೂ ಇದ್ದಾನೆ. ವ್ಯುತ್ಪತ್ತಿಯಿಂದ ಭಕ್ತಿಯನ್ನು ವಿವರಿಸಲಾಗದು ಎಂಬುದು ನಿಜ. ಶಿಲುಬೆ ಎನ್ನುವ ಕನ್ನಡ ಭಕ್ತರಿಗೆ ಸಿರಿಯಾಕಿನ ಅರಿವಿಲ್ಲ. ಆದರೂ ಆಕಸ್ಮಿಕವಾಗಿ ಉಳಿದುಬಂದ ಈ ಅರ್ಥ ಅವರ ಆಚರಣೆಗೆ ಹೆಚ್ಚು ಹತ್ತಿರವಾಗಿದೆ, ನಮ್ಮ ವ್ಯಾಖ್ಯಾನಗಳಿಗೆ ದೂರವಾಗಿದೆ.

ಇಲ್ಲಿ ನಾನು ವಿಮರ್ಶಿಸುತ್ತಿರುವ ವ್ಯಾಖ್ಯಾನ ಬೇರೆಯವರದಷ್ಟೇ ಅಲ್ಲ. ಡಾಕ್ಟರೇಟ್ ಪದವಿಗಾಗಿ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ಮಾಡುತ್ತಿದ್ದಾಗ, ಕನ್ನಡ ಕಥೋಲಿಕರ ಮನೆಗಳಲ್ಲಿ ಕಂಡ ಶಿಲುಬೆಮೂರ್ತಿಯನ್ನು ನಾನು ವೀರಗಲ್ಲಿನ ಪರಂಪರೆಯೊಡನೆ ಹೋಲಿಸಿ ಟಿಪ್ಪಣಿ ಬರೆದಿದ್ದೆ. ಹೋಲಿಕೆ ಆಕರ್ಷಕವಾಗಿಯೇ ಇತ್ತು. ಎರಡೂ ಸತ್ತವನ ಸ್ಮಾರಕಗಳು. ಎರಡರಲ್ಲೂ ಸಾವು ಪರಾರ್ಥವಾದುದು. ಎರಡಕ್ಕೂ ಪೂಜೆ ಸಲ್ಲುತ್ತದೆ. ಸಮುದಾಯವು ಹೊಸ ಧರ್ಮದ ದೇವರನ್ನು ಹಳೆಯ ವೀರನ ಅಚ್ಚಿನಲ್ಲಿ ಎರಕ ಹೊಯ್ದುಕೊಂಡಿದೆ ಎಂದು ವಾದಿಸಿದ್ದೆ. ಅದೇ ಹಳ್ಳಿಯ ಒಬ್ಬ ವೃದ್ಧ ವಕ್ತೃವಿಗೆ ಈ ವಿಚಾರವನ್ನು ನನಗೆ ತಿಳಿದಷ್ಟು ಸರಳವಾಗಿ ಹೇಳಿದಾಗ ಆಕೆ ಒಪ್ಪಲಿಲ್ಲ. “ಸ್ವಾಮಿ ಗೆದ್ದು ಬಂದೋನಲ್ಲ ಕಣವ್ವ, ನೋವು ತಿಂದೋನು. ಅದುಕ್ಕೇ ನನ್ ನೋವು ಅವನ್ಗೆ ಗೊತ್ತಾಯ್ತದೆ” ಎಂದರು. ಆಗ ಅದನ್ನು ವಕ್ತೃವಿನ ಭಾವುಕ ಪ್ರತಿಕ್ರಿಯೆಯೆಂದು ದಾಖಲಿಸಿ ಮುಂದೆ ಸಾಗಿದೆ. ಅದು ವ್ಯಾಖ್ಯಾನವೇ ಆಗಿತ್ತು, ನನ್ನದಕ್ಕಿಂತ ನಿಖರವಾದ ವ್ಯಾಖ್ಯಾನ, ಎಂಬುದು ಅರಿವಾಗಲು ಬಹಳ ವರ್ಷಗಳು ಬೇಕಾದವು.

ವೀರಗಲ್ಲಿನ ರಚನೆಯನ್ನು ನೆನೆಯೋಣ. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆಗಳು. ಕೆಳಗೆ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಮೇಲಕ್ಕೆ ಒಯ್ಯುವ ದೃಶ್ಯ, ಮೇಲೆ ಶಿವಸಾನ್ನಿಧ್ಯ. ನೋಡುವವನ ಕಣ್ಣು ಕೆಳಗಿನಿಂದ ಮೇಲಕ್ಕೆ ಚಲಿಸುತ್ತದೆ. ಸಾವು ಆ ಚಲನೆಯಲ್ಲಿ ಒಂದು ಮೆಟ್ಟಿಲು ಮಾತ್ರ. ಶಿಲುಬೆಮೂರ್ತಿಯಲ್ಲಿ ಮೇಲಿನ ಎರಡು ಪಟ್ಟಿಕೆಗಳಿಲ್ಲ. ಕಥೋಲಿಕರ ನಂಬಿಕೆಯಲ್ಲಿ ಮೂರನೆಯ ದಿನದ ಪುನರುತ್ಥಾನವುಂಟು, ಸ್ವರ್ಗಾರೋಹಣವುಂಟು. ಅವಿಲ್ಲದೆ ಆ ಧರ್ಮವೇ ಇಲ್ಲ. ಆದರೆ ಮನೆಯ ಗೋಡೆಗೆ ತೂಗುಹಾಕಲು, ಜಪಸರದ ತುದಿಗೆ ಕಟ್ಟಲು, ಸಾಯುವವರ ಕೈಗೆ ಕೊಡಲು ಅವರು ಆಯ್ದುಕೊಂಡಿರುವುದು ಪುನರುತ್ಥಾನದ ಚಿತ್ರವನ್ನಲ್ಲ. ಕತೆಯನ್ನು ಅದರ ಅತ್ಯಂತ ಕತ್ತಲಿನ ಘಳಿಗೆಯಲ್ಲಿ ನಿಲ್ಲಿಸಿ, ಆ ಘಳಿಗೆಯನ್ನೇ ನಿತ್ಯದ ಸಂಗಾತಿಯಾಗಿ ಇರಿಸಿಕೊಳ್ಳುವ ಈ ಆಯ್ಕೆಯೇ ವಿವರಣೆಯನ್ನು ಬೇಡುತ್ತದೆ. ವೀರಗಲ್ಲಿನ ಹೋಲಿಕೆ ಈ ಪ್ರಶ್ನೆಯನ್ನು ಕೇಳಲು ಬಿಡುವುದಿಲ್ಲ.

ಶಿಲುಬೆಮೂರ್ತಿ ಎಲ್ಲ ಕಾಲದಲ್ಲೂ ಹೀಗೆಯೇ ಇರಲಿಲ್ಲವೆಂಬುದು ಇಲ್ಲಿ ಮುಖ್ಯ. ಶಿಲುಬೆಯ ಮರಣ ರೋಮನ್ ಆಡಳಿತದಲ್ಲಿ ಗುಲಾಮರಿಗೂ ಬಂಡುಕೋರರಿಗೂ ಮೀಸಲಾದ, ನಾಚಿಕೆಗೇಡಿನ ಶಿಕ್ಷೆ. ಮೊದಲ ಶತಮಾನಗಳ ಕ್ರೈಸ್ತರು ರೋಮಿನ ನೆಲಮಾಳಿಗೆಯ ಸಮಾಧಿಗಳಲ್ಲಿ ಕುರುಬನನ್ನು, ಮೀನನ್ನು, ಲಂಗರನ್ನು ಚಿತ್ರಿಸಿದರು. ಶಿಲುಬೆಗೇರಿದ ಗುರುವನ್ನು ಚಿತ್ರಿಸಲು ಹಿಂಜರಿದರು. ಆ ದೃಶ್ಯದ ಅತಿ ಹಳೆಯ ಚಿತ್ರಗಳಲ್ಲಿ ಒಂದನ್ನು ಗೀಚಿದವನು ಭಕ್ತನಲ್ಲ, ಅಣಕಿಸುವವನು. ರೋಮಿನ ಪ್ಯಾಲಟೈನ್ ಗುಡ್ಡದಲ್ಲಿ ೧೮೫೭ರಲ್ಲಿ ದೊರೆತ ಗೋಡೆಗೀಚಿನಲ್ಲಿ ಶಿಲುಬೆಯ ಮೇಲೆ ಕತ್ತೆಯ ತಲೆಯ ಮನುಷ್ಯನಿದ್ದಾನೆ, ಅವನ ಮುಂದೆ ಅಲೆಕ್ಸಾಮೆನೋಸ್ ಎಂಬುವನು ಕೈಯೆತ್ತಿ ನಿಂತಿದ್ದಾನೆ. ಐದನೆಯ ಶತಮಾನದ ರೋಮಿನ ಸಾಂತಾ ಸಬೀನಾ ದೇವಾಲಯದ ಮರದ ಬಾಗಿಲಿನಲ್ಲಿ ಕ್ರೈಸ್ತರೇ ಕೆತ್ತಿದ ದೃಶ್ಯ ಸಿಗುತ್ತದೆ. ಅಲ್ಲಿ ಯೇಸು ಕಣ್ಣು ತೆರೆದಿದ್ದಾನೆ, ತೂಗುತ್ತಿಲ್ಲ, ನಿಂತಿದ್ದಾನೆ. ಮುಂದೆ ಬಹುಕಾಲ ಇಟಲಿಯಲ್ಲಿ ಪ್ರಚಲಿತವಾಗಿದ್ದ ಮಾದರಿಯೂ ಇದೇ. ಸಂತ ಫ್ರಾನ್ಸಿಸರ ಜೀವನದೊಡನೆ ಸೇರಿಹೋಗಿರುವ, ಈಗ ಅಸ್ಸೀಸಿಯ ಸಂತ ಕ್ಲಾರಾ ದೇವಾಲಯದಲ್ಲಿರುವ ಹನ್ನೆರಡನೆಯ ಶತಮಾನದ ಸಾನ್ ದಮಿಯಾನೊ ಶಿಲುಬೆಯಲ್ಲಿ ಕೂಡ ಕ್ರಿಸ್ತನ ಕಣ್ಣುಗಳು ತೆರೆದಿವೆ, ಮುಖದಲ್ಲಿ ನೋವಿಲ್ಲ. ಸಾವಿನ ಮೇಲಣ ಜಯವನ್ನು ಸಾವಿನ ಚಿತ್ರದೊಳಗೇ ತೋರಿಸಿದ ರೀತಿ ಇದು. ನನ್ನ ವೀರಗಲ್ಲಿನ ಹೋಲಿಕೆ ಎಲ್ಲಿಯಾದರೂ ಸಲ್ಲುವುದಾದರೆ ಈ ಮೂರ್ತಿಗಳಿಗೆ ಸಲ್ಲಬಹುದು.

ಬದಲಾವಣೆ ಒಮ್ಮೆಗೇ ಆದುದಲ್ಲ. ಜರ್ಮನಿಯ ಕೊಲೋನ್ ಪ್ರಧಾನ ದೇವಾಲಯದಲ್ಲಿರುವ ಗೇರೊ ಶಿಲುಬೆ ಹತ್ತನೆಯ ಶತಮಾನದ ಉತ್ತರಾರ್ಧದ್ದು. ಓಕ್ ಮರದಲ್ಲಿ ಕಡೆದ, ೧೮೭ ಸೆಂಟಿಮೀಟರ್ ಎತ್ತರದ, ಆಳೆತ್ತರದ ದೇಹ. ಕಣ್ಣು ಮುಚ್ಚಿದೆ, ತಲೆ ಬಾಗಿದೆ, ಹೊಟ್ಟೆ ಮುಂದಕ್ಕೆ ಉಬ್ಬಿ ದೇಹ ತನ್ನ ಭಾರಕ್ಕೇ ಜೋತಿದೆ. ಹದಿಮೂರನೆಯ ಶತಮಾನದಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಪ್ರಭಾವದಿಂದ ಇಟಲಿಯಲ್ಲೂ ಈ ನರಳುವ ಕ್ರಿಸ್ತನ ರೂಪವೇ ನೆಲೆಗೊಂಡಿತು. ಎರಡು ಪಾದಗಳಿಗೆ ಎರಡು ಮೊಳೆ ಹೊಡೆಯುತ್ತಿದ್ದ ಶಿಲ್ಪಿಗಳು ಒಂದರ ಮೇಲೊಂದು ಪಾದವಿಟ್ಟು ಒಂದೇ ಮೊಳೆ ಹೊಡೆಯತೊಡಗಿದರು. ಮೊಣಕಾಲುಗಳು ಮಡಿಸಿದವು, ಸೊಂಟ ತಿರುಚಿತು. ಇಂದು ನಮ್ಮ ಹಳ್ಳಿಯ ದೇವಾಲಯಗಳಲ್ಲಿ ಕಾಣುವ ಪ್ಲಾಸ್ಟರಿನ ಮೂರ್ತಿಗಳೂ ಈ ಮೂರು ಮೊಳೆಯ ಪರಂಪರೆಗೆ ಸೇರಿದವು.

ಈ ಪರಂಪರೆಯ ಒಂದು ಕೃತಿಯ ಬಳಿ ಸ್ವಲ್ಪ ನಿಲ್ಲಬೇಕು. ಮಥಿಯಾಸ್ ಗ್ರೂನೆವಾಲ್ಟ್ ೧೫೧೨ ಮತ್ತು ೧೫೧೬ರ ನಡುವೆ ರಚಿಸಿದ, ಈಗ ಫ್ರಾನ್ಸಿನ ಕೋಲ್ಮಾರ್ ನಗರದ ವಸ್ತುಸಂಗ್ರಹಾಲಯದಲ್ಲಿರುವ ಈಸೆನ್‌ಹೈಮ್ ಬಲಿಪೀಠಚಿತ್ರ ಅದು. ಅದನ್ನು ಬರೆದದ್ದು ಅಂತೋಣಿ ಸಂನ್ಯಾಸಿಗಳ ಮಠಕ್ಕಾಗಿ. ಬೂಷ್ಟು ಹಿಡಿದ ರೈ ಧಾನ್ಯ ತಿಂದು ಬರುತ್ತಿದ್ದ, ಕೈಕಾಲು ಉರಿದು ಕೊಳೆಯುತ್ತಿದ್ದ ಭೀಕರ ರೋಗಕ್ಕೆ ಆ ಮಠದಲ್ಲಿ ಆರೈಕೆ ನಡೆಯುತ್ತಿತ್ತು. ಚಿತ್ರದ ಕ್ರಿಸ್ತನ ಚರ್ಮ ಹಸಿರುಗಟ್ಟಿದೆ, ಮೈತುಂಬ ಮುಳ್ಳು ಮುರಿದ ಹುಣ್ಣುಗಳು, ಬೆರಳುಗಳು ಸೆಟೆದುಕೊಂಡಿವೆ. ರೋಗಿಗಳು ಅದರಲ್ಲಿ ನೋಡಿದ್ದು ತಮ್ಮದೇ ಮೈಯನ್ನು. ಕಲಾ ಇತಿಹಾಸಕಾರರು ಇದನ್ನು ಚಿತ್ರಕಾರನ ಪ್ರತಿಭೆಯ ಉದಾಹರಣೆಯಾಗಿ ವಿವರಿಸುವುದು ಯುಕ್ತವೇ. ಜಾನಪದ ಅಧ್ಯಯನದ ದೃಷ್ಟಿಯಿಂದ ನನಗೆ ಮುಖ್ಯವೆನಿಸುವುದು ಬೇರೆ. ಐದುನೂರು ವರ್ಷಗಳ ಹಿಂದಿನ ಆ ರೋಗಿಗಳ ನೋಟಕ್ಕೂ ಮೈಸೂರು ಸೀಮೆಯ ಆ ವೃದ್ಧೆಯ ಮಾತಿಗೂ ತರ್ಕ ಒಂದೇ. ನರಳಿದ ದೇಹ ನರಳುವ ದೇಹವನ್ನು ಬಲ್ಲುದು ಎಂಬ ತರ್ಕ. ಆಕೆಗೆ ಗ್ರೂನೆವಾಲ್ಟ್ ಗೊತ್ತಿರಲಿಲ್ಲ. ಇದನ್ನು ಪ್ರಸರಣ ಸಿದ್ಧಾಂತದಿಂದ ವಿವರಿಸಬೇಕಾಗಿಯೂ ಇಲ್ಲ. ಒಂದೇ ಮೂರ್ತಿಯ ಮುಂದೆ ಮಂಡಿಯೂರಿದವರು ಒಂದೇ ಅರ್ಥಕ್ಕೆ ತಲುಪಿದ್ದಾರೆ.

ಬಲಿಯ ನೆಲೆಯಿಂದ ಶಿಲುಬೆಮೂರ್ತಿಯನ್ನು ನೋಡುವ ಇನ್ನೊಂದು ವ್ಯಾಖ್ಯಾನ ನಮ್ಮಲ್ಲಿದೆ. ‘ಕೆರೆಗೆ ಹಾರ’ದ ಭಾಗೀರಥಿಯನ್ನು ನೆನೆಯದೆ ಕನ್ನಡದ ಜಾನಪದ ವಿದ್ಯಾರ್ಥಿ ಬಲಿಯ ಬಗ್ಗೆ ಯೋಚಿಸಲಾರ. ಕಥೋಲಿಕರು ತಮ್ಮ ಮುಖ್ಯ ಆರಾಧನೆಯನ್ನು ‘ಬಲಿಪೂಜೆ’ ಎಂದೇ ಕರೆಯುವುದರಿಂದ ಹೋಲಿಕೆಗೆ ಮತ್ತಷ್ಟು ಆಸ್ಪದ ದೊರೆಯುತ್ತದೆ. ಈ ವ್ಯಾಖ್ಯಾನ ವೀರಗಲ್ಲಿನದಕ್ಕಿಂತ ಗಟ್ಟಿಯಾದುದು. ೧೫೬೨ರಲ್ಲಿ ಟ್ರೆಂಟ್ ಮಹಾಸಭೆ ಬಲಿಪೂಜೆಯನ್ನು ಶಿಲುಬೆಯ ಅದೇ ಬಲಿ, ಆದರೆ ರಕ್ತವಿಲ್ಲದ ರೀತಿಯಲ್ಲಿ ಅರ್ಪಿತವಾಗುವಂಥದು ಎಂದು ನಿರೂಪಿಸಿತು. ಇಂದಿನ ರೋಮನ್ ಪೂಜಾಗ್ರಂಥದ ಸಾಮಾನ್ಯ ನಿಯಮಗಳೂ ಬಲಿಪೀಠದ ಮೇಲೆ ಅಥವಾ ಅದರ ಬಳಿ ಶಿಲುಬೆಯಿರಬೇಕು, ಅದರ ಮೇಲೆ ಶಿಲುಬೆಗೇರಿದ ಕ್ರಿಸ್ತನ ಆಕೃತಿಯಿರಬೇಕು ಎಂದು ಸ್ಪಷ್ಟಪಡಿಸುತ್ತವೆ. ದೇಹ ಇಲ್ಲಿ ಅಲಂಕಾರವಲ್ಲ, ವಿಧಿ.

ಆದರೂ ಭಾಗೀರಥಿಯ ಬಲಿಗೂ ಇದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಭಾಗೀರಥಿಯ ದೇಹವನ್ನು ನೀರು ಒಳಗೆಳೆದುಕೊಳ್ಳುತ್ತದೆ. ಕೆರೆ ತುಂಬಿದ ಮೇಲೆ ದೇಹ ಕಾಣಿಸುವುದಿಲ್ಲ, ಹಾಡು ಉಳಿಯುತ್ತದೆ. ಬಲಿಯ ಫಲ ದೊರೆತೊಡನೆ ಬಲಿಯಾದವಳು ಮರೆಯಾಗಬೇಕು ಎಂಬುದು ಆ ಲೋಕದ ಕ್ರೂರ ನಿಯಮ. ಶಿಲುಬೆಮೂರ್ತಿ ಮರೆಯಾಗಲು ಒಪ್ಪುವುದಿಲ್ಲ. ಫಲವನ್ನು ಪಡೆದವರು ತಲೆಯೆತ್ತಿದಾಗಲೆಲ್ಲ ಬಲಿಯಾದವನನ್ನು ನೋಡಲೇಬೇಕಾದಂತೆ ಅದು ಕಣ್ಣೆದುರೇ ಇರುತ್ತದೆ. ಕನ್ನಡ ಸಾಹಿತ್ಯದಲ್ಲಿ ಯೇಸುವಿನ ಕೊನೆಯ ದಿನವನ್ನು ಕುರಿತ ಮಹತ್ವದ ಖಂಡಕಾವ್ಯ ‘ಗೊಲ್ಗೊಥಾ’ವನ್ನು ಬರೆದ ಮಂಜೇಶ್ವರದ ಗೋವಿಂದ ಪೈ ಅವರು ಕ್ರೈಸ್ತೇತರರಾಗಿದ್ದೂ ಆ ಸಾವಿನ ಘನತೆಯನ್ನು ಕನ್ನಡಕ್ಕೆ ತಂದರು. ಆದರೆ ಕಾವ್ಯವು ಕತೆಯಾದ್ದರಿಂದ ನಡೆದು ಮುಗಿಯುತ್ತದೆ. ಮೂರ್ತಿಗೆ ಮುಗಿಯುವ ಸೌಲಭ್ಯವಿಲ್ಲ.

ಮೂರ್ತಿಯ ಬಗ್ಗೆ ಸಭೆಯ ಅಧಿಕೃತ ಬೋಧನೆ ಎಚ್ಚರದಿಂದ ಕೂಡಿದೆ. ೭೮೭ರ ಎರಡನೆಯ ನೈಸಿಯಾ ಮಹಾಸಭೆ ಮತ್ತು ೧೫೬೩ರ ಟ್ರೆಂಟ್ ನಿರ್ಣಯ ಎರಡೂ ಹೇಳುವುದು, ಪ್ರತಿಮೆಗೆ ಸಲ್ಲಿಸಿದ ಗೌರವ ಅದು ಯಾರದೋ ಅವರಿಗೆ ಸೇರುತ್ತದೆ ಎಂದು. ಮರಕ್ಕಾಗಲಿ ಲೋಹಕ್ಕಾಗಲಿ ಸ್ವತಃ ಶಕ್ತಿಯಿಲ್ಲ ಎಂದು. ಆಚರಣೆ ಈ ಎಚ್ಚರವನ್ನು ಮೀರುವುದಿಲ್ಲವಾದರೂ ಅದರ ಅಂಚಿನವರೆಗೆ ಹೋಗುತ್ತದೆ. ಶುಭ ಶುಕ್ರವಾರದ ವಿಧಿಯನ್ನು ನೋಡಿ. ವರ್ಷದಲ್ಲಿ ಅಂದು ಬಲಿಪೂಜೆಯಿಲ್ಲ. ಹೊದಿಕೆ ಹೊದಿಸಿದ ಶಿಲುಬೆಯನ್ನು ಗುರುಗಳು ಮೂರು ಹಂತಗಳಲ್ಲಿ ತೆರೆದು ತೋರಿಸುತ್ತಾರೆ. ಭಕ್ತರು ಸಾಲಾಗಿ ಬಂದು ಮುದ್ದಿಡುತ್ತಾರೆ. ಉಳಿದ ದಿನಗಳಲ್ಲಿ ಪರಮಪ್ರಸಾದಕ್ಕೆ ಮಾತ್ರ ಸಲ್ಲುವ ಮಂಡಿಯೂರುವಿಕೆ ಅಂದಿನಿಂದ ಪಾಸ್ಖ ಜಾಗರಣೆಯವರೆಗೆ ಶಿಲುಬೆಗೂ ಸಲ್ಲುತ್ತದೆ. ಈ ಸ್ಪರ್ಶದ ಹಂಬಲ ಹಳೆಯದು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಜೆರುಸಲೇಮಿಗೆ ಯಾತ್ರೆ ಹೋದ ಎಗೇರಿಯಾ ಎಂಬ ಮಹಿಳೆ, ಅಲ್ಲಿ ಯೇಸುವಿನದೆಂದು ನಂಬಲಾದ ಶಿಲುಬೆಯ ಮರವನ್ನು ಜನ ಮುದ್ದಿಡುವಾಗ ಧರ್ಮಸೇವಕರು ಸುತ್ತ ಕಾವಲು ನಿಲ್ಲುತ್ತಿದ್ದುದನ್ನು ದಾಖಲಿಸಿದ್ದಾಳೆ. ಹಿಂದೊಮ್ಮೆ ಯಾರೋ ಮುದ್ದಿಡುವ ನೆಪದಲ್ಲಿ ಮರದ ಚೂರನ್ನು ಕಚ್ಚಿಕೊಂಡು ಹೋದರೆಂದು ಆಕೆ ಕೇಳಿದ್ದಳು. ಈ ವೃತ್ತಾಂತವನ್ನು ಓದಿ ನಗುವವರುಂಟು. ಮುಟ್ಟದೆ ಅರ್ಥವಾಗದ ಕೆಲವು ಸಂಗತಿಗಳುಂಟೆಂದು ಆ ಕಳ್ಳ ಬಲ್ಲವನಾಗಿದ್ದ.

ಗೋವಾದಲ್ಲಿ ಅಂದು ಮೂರ್ತಿಯ ದೇಹವನ್ನು ಶಿಲುಬೆಯಿಂದ ಇಳಿಸಿ, ಚಟ್ಟದ ಮೇಲೆ ಮಲಗಿಸಿ ಮೆರವಣಿಗೆ ಒಯ್ಯುವ ಸಂಪ್ರದಾಯವಿದೆ. ಗಂಟೆ ಮೌನವಾಗಿರುತ್ತದೆ, ಮರದ ಗಿರಕಿ ಸದ್ದು ಮಾಡುತ್ತದೆ. ಸತ್ತವರ ಮನೆಯಲ್ಲಿ ನಡೆದುಕೊಳ್ಳುವಂತೆಯೇ ಜನ ನಡೆದುಕೊಳ್ಳುತ್ತಾರೆ. ಇಳಿಸಲು ಬರುವಂತಹ ದೇಹವಿದ್ದಾಗ ಮಾತ್ರ ಇದು ಸಾಧ್ಯ.

ಇಷ್ಟು ಹೇಳಿದ ಮೇಲೆ ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಸಂಗತಿಗಳನ್ನು ಮರೆಮಾಚಬಾರದು. ದೇಹವಿಲ್ಲದ ಶಿಲುಬೆ ಪ್ರಾಟೆಸ್ಟಂಟರದು, ದೇಹವುಳ್ಳದ್ದು ಕಥೋಲಿಕರದು ಎಂಬ ಸರಳ ವಿಂಗಡಣೆ ನಿಲ್ಲುವುದಿಲ್ಲ. ಕ್ಯಾಲ್ವಿನನ ಅನುಯಾಯಿಗಳು ಮೂರ್ತಿಯನ್ನು ತಿರಸ್ಕರಿಸಿದರೂ ಲೂಥರನ ಅನುಯಾಯಿಗಳು ಉಳಿಸಿಕೊಂಡರು. ಇತ್ತ ಕಥೋಲಿಕರಲ್ಲೂ ಬರಿಯ ಶಿಲುಬೆಗಳುಂಟು. ಗೋವಾದ ದಾರಿಬದಿಯ ಸುಣ್ಣ ಬಳಿದ ಖುರಿಸ್‌ಗಳಲ್ಲಿ ಹೆಚ್ಚಿನವಕ್ಕೆ ದೇಹವಿಲ್ಲ. ಮೇ ತಿಂಗಳಲ್ಲಿ ಅವಕ್ಕೆ ಹೂ ಮುಡಿಸಿ, ಮೇಣದ ಬತ್ತಿ ಹಚ್ಚಿ, ನೆರೆಹೊರೆಯವರು ಸೇರಿ ಲದಿನ್ ಹಾಡುತ್ತಾರೆ. ೧೮೯೬ರ ಪ್ಲೇಗಿನ ಕಾಲದಲ್ಲಿ ಮುಂಬಯಿಯ ಕಥೋಲಿಕ ಬಡಾವಣೆಗಳಲ್ಲಿ ಎದ್ದ ಶಿಲುಬೆಗಳೂ ಇಂಥವೇ. ಈ ಶಿಲುಬೆಗಳು ಸ್ಥಳವನ್ನು ಕಾಯುತ್ತವೆ. ಗಡಿ, ತಿರುವು, ಬಾವಿ, ರೋಗ ಹೊಕ್ಕ ಬೀದಿ ಅವುಗಳ ವ್ಯಾಪ್ತಿ. ಶಿಲುಬೆಮೂರ್ತಿ ವ್ಯಕ್ತಿಯ ಜತೆಗಿರುತ್ತದೆ. ಹಾಸಿಗೆ, ಜಪಸರ, ಶವಪೆಟ್ಟಿಗೆ ಅದರ ವ್ಯಾಪ್ತಿ. ಕಾರ್ಯ ಬೇರೆಯಾದ್ದರಿಂದಲೇ ರೂಪ ಬೇರೆಯಾಗಿದೆ ಎಂದು ನಾನು ಭಾವಿಸುತ್ತೇನೆ.

ಸಿರೋ ಮಲಬಾರ್ ಸಭೆಯ ವಿವಾದ ಇದಕ್ಕಿಂತ ಕಠಿಣವಾದ ಸವಾಲು. ಕೇರಳದಲ್ಲಿ ಹುಟ್ಟಿದ ಈ ಕಥೋಲಿಕ ಸಭೆಗೆ ಬೆಳ್ತಂಗಡಿ, ಭದ್ರಾವತಿ, ಮಂಡ್ಯಗಳಲ್ಲಿ ಧರ್ಮಪ್ರಾಂತ್ಯಗಳಿರುವುದರಿಂದ ನಮಗೆ ಇದು ದೂರದ ಸಂಗತಿಯೇನಲ್ಲ. ಚೆನ್ನೈಯ ಸಂತ ತೋಮರ ಬೆಟ್ಟದಲ್ಲಿ ೧೫೪೭ರಲ್ಲಿ ಪೋರ್ಚುಗೀಸರಿಗೆ ದೊರೆತ, ಪಹ್ಲವಿ ಲಿಪಿಯ ಬರಹವಿರುವ ಕಲ್ಲಿನ ಶಿಲುಬೆಯಲ್ಲಿ ದೇಹವಿಲ್ಲ. ಬುಡದಲ್ಲಿ ದಳಗಳು, ಮೇಲೆ ಪಾರಿವಾಳ. ಈ ಮಾದರಿಯ ‘ಮಾರ್ ತೋಮಾ ಸ್ಲೀವಾ’ವನ್ನು ಬಲಿಪೀಠದಲ್ಲಿ ಇರಿಸಬೇಕೆಂಬವರಿಗೂ ಶಿಲುಬೆಮೂರ್ತಿಯೇ ಇರಬೇಕೆಂಬವರಿಗೂ ಆ ಸಭೆಯೊಳಗೆ ದಶಕಗಳ ಕಾಲ ತೀವ್ರ ವಾದ ನಡೆದಿದೆ. ಮೊದಲಿನವರು ಬರಿದಾದ ಶಿಲುಬೆಯನ್ನು ಪುನರುತ್ಥಾನದ ಗುರುತೆನ್ನುತ್ತಾರೆ, ಪೋರ್ಚುಗೀಸರಿಗಿಂತ ಹಿಂದಿನ ತಮ್ಮ ಪರಂಪರೆಯ ಸಾಕ್ಷಿಯೆನ್ನುತ್ತಾರೆ. ಅವರ ಐತಿಹಾಸಿಕ ವಾದಕ್ಕೆ ತೂಕವಿದೆ. ಆದರೂ ಹಲವು ಕುಟುಂಬಗಳು ನರಳಿದ ಕ್ರಿಸ್ತನ ಮೂರ್ತಿಯನ್ನು ಬಿಟ್ಟುಕೊಡಲು ಒಪ್ಪದಿರುವುದನ್ನು ವಸಾಹತುಶಾಹಿಯ ಪಳೆಯುಳಿಕೆ ಎಂದಷ್ಟೇ ತಳ್ಳಿಹಾಕುವುದು ಸರಿಯಲ್ಲ. ಹೊರಗಿನಿಂದ ಬಂದದ್ದೆಲ್ಲ ಹೊರಗಿನದಾಗಿಯೇ ಉಳಿಯುತ್ತದೆಂದು ಜಾನಪದ ಅಧ್ಯಯನ ಎಂದೂ ಹೇಳಿಲ್ಲ.

ಕೊನೆಯದಾಗಿ ‘ಸಂಕೇತ’ ಎಂಬ ಪದದ ಬಗ್ಗೆ. ಶಾಲಾ ಕೊಠಡಿಗಳಲ್ಲಿ ಶಿಲುಬೆಮೂರ್ತಿ ಇರಬಹುದೇ ಎಂಬ ಪ್ರಶ್ನೆ ೧೯೯೫ರಲ್ಲಿ ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯದ ಮುಂದೆ ಬಂದಾಗ, ಬವೇರಿಯಾ ರಾಜ್ಯದ ಶಾಲೆಗಳಲ್ಲಿ ಅದನ್ನು ಕಡ್ಡಾಯಗೊಳಿಸಿದ್ದ ನಿಯಮ ಅಸಿಂಧುವಾಯಿತು. ಇಟಲಿಯ ಇಂಥದೇ ಮೊಕದ್ದಮೆಯಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ೨೦೦೯ರಲ್ಲಿ ಮೂರ್ತಿಗೆ ವಿರುದ್ಧವಾಗಿ, ೨೦೧೧ರಲ್ಲಿ ಹಿರಿಯ ಪೀಠದ ಮೂಲಕ ಪರವಾಗಿ ತೀರ್ಪಿತ್ತಿತು. ಎರಡನೆಯ ತೀರ್ಪು ಮೂರ್ತಿಯನ್ನು ಮೂಲತಃ ನಿಷ್ಕ್ರಿಯವಾದ ಸಂಕೇತವೆಂದು ಪರಿಗಣಿಸಿತು. ಇಟಲಿಯ ಸರಕಾರವೂ ಅದನ್ನು ರಾಷ್ಟ್ರದ ಸಂಸ್ಕೃತಿಯ ಗುರುತೆಂದು ಸಮರ್ಥಿಸಿತ್ತು. ಮೊಕದ್ದಮೆ ಗೆದ್ದಿತು, ಗೋಡೆಯ ಮೇಲೆ ಮೂರ್ತಿ ಉಳಿಯಿತು. ಆದರೆ ಮುದ್ದಿಡುವವರ, ಅಳುವವರ, ಸಾಯುವ ಘಳಿಗೆಯಲ್ಲಿ ಕೈಗೆ ಬೇಕೆನ್ನುವವರ ಶಿಲುಬೆಮೂರ್ತಿ ಆ ವಾದದಲ್ಲಿ ಎಲ್ಲಿಯೂ ಇರಲಿಲ್ಲ. ನಮ್ಮ ಸಂಶೋಧನ ಲೇಖನಗಳು ‘ತ್ಯಾಗದ ಸಂಕೇತ’, ‘ಪ್ರೀತಿಯ ಸಂಕೇತ’ ಎಂದು ಬರೆದು ಮುಗಿಸುವಾಗ ಮಾಡುವುದೂ ಇದನ್ನೇ.

ಗೋವಾದಲ್ಲಿ ಹದಿನಾರು, ಹದಿನೇಳನೆಯ ಶತಮಾನಗಳಿಂದ ಸ್ಥಳೀಯ ಕುಶಲಕರ್ಮಿಗಳು ಕೆತ್ತಿದ ದಂತದ ಕ್ರಿಸ್ತಮೂರ್ತಿಗಳು ಇಂದು ದೇಶವಿದೇಶಗಳ ಸಂಗ್ರಹಾಲಯಗಳಲ್ಲಿವೆ. ದಂತದ ಅಗಲ ಸಾಲದ್ದರಿಂದ ತೋಳುಗಳನ್ನು ಬೇರೆಯಾಗಿ ಕೆತ್ತಿ ಜೋಡಿಸುತ್ತಿದ್ದರು. ಅವುಗಳಲ್ಲಿ ಎಷ್ಟೋ ಮೂರ್ತಿಗಳ ಮರದ ಶಿಲುಬೆ ಹಾಳಾಗಿಹೋಗಿದೆ, ತೋಳುಗಳು ಕಳಚಿ ಬಿದ್ದಿವೆ, ದೇಹವೊಂದು ಉಳಿದಿದೆ. ನೋಡಿದವರು ಯಾರೂ ಅದು ಏನೆಂದು ಕೇಳಬೇಕಾಗಿಲ್ಲ.

ಮೇಲೆ ಹೇಳಿದ ವೃದ್ಧೆಯ ಮನೆಗೆ ಮತ್ತೆ ಹೋದಾಗ ಆಕೆ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಹಿತ್ತಾಳೆಯ ಆ ಪುಟ್ಟ ಶಿಲುಬೆಮೂರ್ತಿ ಆಕೆಯ ಕೈಯಲ್ಲೇ ಪೆಟ್ಟಿಗೆಯೊಳಗೆ ಹೋಯಿತೆಂದು ಮಗ ಹೇಳಿದರು. ದಿನವೂ ಮುದ್ದಿಟ್ಟು ಅದರ ಪಾದಗಳು ಸವೆದು ನುಣ್ಣಗಾಗಿದ್ದುದು ನನಗೆ ನೆನಪಿದೆ. ನಾನು ತೆಗೆದ ಛಾಯಾಚಿತ್ರದಲ್ಲಿ ಅದು ಕಾಣುವುದಿಲ್ಲ. ವೀರಗಲ್ಲಿನೊಡನೆ ಹೋಲಿಸಲು ಅನುಕೂಲವಾಗಲೆಂದು ಇಡೀ ಶಿಲುಬೆಯ ಆಕಾರ ಬರುವಂತೆ ದೂರದಿಂದ ತೆಗೆದಿದ್ದೆ.